ಮಾವನ ಮುಂಗಡ ಚರಮಗೀತೆ

ಆ ಭಾನುವಾರ ಬೆಳಿಗ್ಗೆ ಶಿವಮೊಗ್ಗದ ನಮ್ಮ ಮನೆಯ ಹಾಲಿನಲ್ಲಿ ನಾಲ್ಕು ಜನರಿದ್ದೆವು. ಭದ್ರಾವತಿಯ ಓಲ್ಡ್ ಟೌನಿನಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ನನ್ನ ಸೋದರಮಾವ ಹಾಲೇಶಪ್ಪನವರು, ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತ ಅವರ ಹೆಂಡತಿ ಗೌರತ್ತೆ, ಅಡುಗೆಮನೆಗೂ ಹಾಲಿಗೂ ರೊಟ್ಟಿ ತಟ್ಟೆ ಹಿಡಿದು ಓಡಾಡುತ್ತಿದ್ದ ನನ್ನ ಹೆಂಡತಿ ಸುಮಾ, ಮತ್ತು ನಾನು. ಐದನೆಯದಾಗಿ ಸಾವೂ ಬಂದು ಕೂತಿತ್ತು, ಆದರೆ ಮಾವನ ಮಾತಿನಲ್ಲಿ ಮಾತ್ರ. ಆರನೆಯ ಅಕ್ಕಿರೊಟ್ಟಿಗೆ ಕಾಯಿಚಟ್ನಿ ಸವರಿಕೊಳ್ಳುತ್ತಾ ಅವರು, "ಮಂಜಾ, ನಂಗೂ ಒಂದು ಬರ್ಕೊಡೋ" ಅಂದರು. "ಏನು ಮಾವ?" ಅಂದೆ. "ಅದೇ, ಸತ್ತವರಿಗೆಲ್ಲ ಬರೀತೀಯಲ್ಲ, ಅದು. ಸ್ವಲ್ಪ ಅಳೋ ಹಾಗಿರ್ಲಿ. ಸುಮಾ, ಇನ್ನೊಂದು ರೊಟ್ಟಿ ಹಾಕಮ್ಮ."

ಇಲ್ಲಿ ನಾನು ಒಂದು ತಪ್ಪೊಪ್ಪಿಕೊಳ್ಳಬೇಕು. ನಾನು ದುಃಖದ ಕವಿ. ನನಗೆ ದುಃಖವೇನೂ ಇಲ್ಲ. ಗಾಂಧಿ ಬಜಾರಿನಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿ ಇದೆ, ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ, ಹೆಂಡತಿ ನನ್ನ ಬಗ್ಗೆ ಭರವಸೆ ಕಳೆದುಕೊಂಡು ಬಹಳ ವರ್ಷಗಳಾದ್ದರಿಂದ ಮನೆಯಲ್ಲಿ ಜಗಳವೂ ಇಲ್ಲ. ಆದರೆ ನಮ್ಮ ವಂಶದ ಗಂಡಸರಿಗೆ ಒಂದು ರೋಗವಿದೆ. ಎದೆಯಲ್ಲಿ ಏನಾದರೂ ಎದ್ದರೆ ಅದನ್ನು ಬಾಯಿಗೆ ತರಲು ಬರುವುದಿಲ್ಲ. ನನ್ನ ಅಕ್ಕ ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಹೆಂಗಸರೆಲ್ಲ ಬಾಗಿಲಲ್ಲಿ ಅಳುತ್ತಿದ್ದರೆ ನಮ್ಮಪ್ಪ ವ್ಯಾನಿನ ನಾಲ್ಕೂ ಚಕ್ರಗಳನ್ನು ಒದ್ದು ಒದ್ದು ಗಾಳಿ ಪರೀಕ್ಷೆ ಮಾಡುತ್ತಿದ್ದರು. ವ್ಯಾನು ಹೊರಟ ಮೇಲೂ ಅವರ ಕಾಲು ಎರಡು ಸಲ ಗಾಳಿಯಲ್ಲೇ ಒದೆಯಿತಂತೆ. ನಮ್ಮಜ್ಜಿ ತೀರಿಕೊಂಡಾಗ ನಾನು ಅಳದೆ ಇನ್ನೂರು ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಜೋಡಿಸಿದೆ. ಬಂದವರು ನಲವತ್ತು ಜನ. ಆ ನೂರರವತ್ತು ಖಾಲಿ ಕುರ್ಚಿಗಳೇ ನನ್ನ ಅಳು ಎಂದು ಯಾರಿಗೂ ಹೊಳೆಯಲಿಲ್ಲ. ಶಾಮಿಯಾನದವನಿಗೆ ಮಾತ್ರ ಬಹಳ ಸಂತೋಷವಾಯಿತು. 'ಅಳುವ ಗಂಡಸನ್ನು ನಂಬಬೇಡ' ಎಂದು ಅಜ್ಜಿಯೇ ಹೇಳಿಕೊಟ್ಟಿದ್ದಳು. ಅಳದೆ ಬರೆದುಕೊಳ್ಳುವ ಗಂಡಸಿನ ಬಗ್ಗೆ ಅವಳು ಏನನ್ನೂ ಹೇಳಿರಲಿಲ್ಲ. ಆ ಸಂದಿನಲ್ಲಿ ನಾನು ನುಸುಳಿಕೊಂಡೆ.

ನನ್ನ ಮೊದಲ ಕವಿತೆ ಪ್ರಕಟವಾದದ್ದು ಒಂದು ಕೊಡದ ಮೇಲೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವ ಕೆಲಸ ಇರುತ್ತದಲ್ಲ, ಕರೆಂಟಿನ ಆ ಪುಟ್ಟ ಮಷಿನ್ನು ಕಿರ್ರೋ ಎನ್ನುತ್ತಾ ಸ್ಟೀಲಿನ ಮೇಲೆ 'ಶ್ರೀಮತಿ ಇಂಥವರ ನೆನಪಿಗಾಗಿ' ಎಂದು ಬರೆಯುತ್ತದಲ್ಲ, ಅದೇ ನನ್ನ ಲೇಖನಿ. ಒಮ್ಮೆ ಒಬ್ಬ ತಾಯಿ ಮಗಳ ಮದುವೆಗೆ ಕೊಡ ಕೊಂಡು, ಮಗಳ ಹೆಸರು ಕೆತ್ತಿ ಅಂದರು. ಅವರ ಮುಖ ನೋಡಿ ನನಗೆ ಎಲ್ಲಿಂದಲೋ ಉಕ್ಕಿ ಬಂತು. ಹೆಸರಿನ ಕೆಳಗೆ, 'ತುಂಬಿದ ಕೊಡ ಹೊರಟಿತು, ಬರಿದಾಯಿತು ಬಾವಿಯ ಮನೆ' ಎಂದು ಕೆತ್ತಿಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, "ನಮ್ಮನೇಲಿ ಬಾವಿ ಇಲ್ಲ, ಬೋರ್ ಇರೋದು. ಬೇರೆ ಕೊಡ ಕೊಡಿ" ಅಂದರು. ಆ ಕೊಡ ನಮ್ಮ ಮನೆಯಲ್ಲೇ ಇದೆ. ಸುಮಾ ಅದರಲ್ಲಿ ರಾಗಿ ತುಂಬಿಟ್ಟಿದ್ದಾಳೆ.

ಹೀಗೆ ಓದುಗರಿಲ್ಲದೆ ಬಾಳುತ್ತಿದ್ದ ನನ್ನನ್ನು ಬೆಳಕಿಗೆ ತಂದವರು ಭದ್ರಾವತಿಯ ಸೆಲ್ವಂ. ಓಲ್ಡ್ ಟೌನಿನಲ್ಲಿ ಅವರದು ಫ್ಲೆಕ್ಸ್ ಅಂಗಡಿ. ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದಾಗ ಗಲ್ಲಾದ ಮೇಲಿದ್ದ ನನ್ನ ನೋಟ್‌ಬುಕ್ ನೋಡಿದರು. "ಸಾರ್, ಇಷ್ಟೊಂದು ದುಃಖ ಸುಮ್ನೆ ಬಿದ್ದಿದೆ. ಅಲ್ಲಿ ನಾನು ಒಂದೇ ಎರಡು ಸಾಲನ್ನ ಹತ್ತು ವರ್ಷದಿಂದ ಎಲ್ಲರಿಗೂ ಹಾಕ್ತಿದೀನಿ. ಮೊನ್ನೆ ಮಾವನಿಗೂ ಅಳಿಯನಿಗೂ ಒಂದೇ ಪದ್ಯ ಆಗೋಯ್ತು, ಮನೆಯವರು ಬೇಜಾರು ಮಾಡ್ಕೊಂಡ್ರು" ಅಂದರು. ಅಂದಿನಿಂದ ಭದ್ರಾವತಿಯಲ್ಲಿ ಯಾರು ಹೋದರೂ ಅವರ ಫೋಟೋ ಕೆಳಗೆ ನಾಲ್ಕು ಸಾಲು ನನ್ನದು. ಹೆಸರು ಹಾಕುತ್ತಿರಲಿಲ್ಲ, ಆದರೂ ಹೆಮ್ಮೆ. ನಾಲ್ಕು ದಾರಿ ಸೇರುವ ಕಡೆ ಎಂಟು ಅಡಿ ಎತ್ತರದಲ್ಲಿ ಪದ್ಯ ಪ್ರಕಟವಾಗುವ ಭಾಗ್ಯ ಎಷ್ಟು ಜನ ಕವಿಗಳಿಗಿದೆ. ಬಸ್ಸಿಗೆ ಕಾಯುವವರು ಬೇಡವೆಂದರೂ ಓದಲೇಬೇಕು.

ಮಾವನಿಗೆ ಇದು ಗೊತ್ತಿತ್ತು. ಆದರೆ ಎಪ್ಪತ್ತಾರು ವರ್ಷಕ್ಕೂ ಬೆಳಿಗ್ಗೆ ಎರಡು ಸುತ್ತು ನಡೆದು ಬಂದು ಏಳು ರೊಟ್ಟಿ ತಿನ್ನುವವರಿಗೆ ಚರಮಗೀತೆ ಏಕೆ ಎಂದು ನಾನು ಕೇಳಿದೆ. ಉತ್ತರ ಕೊಟ್ಟವರು ಗೌರತ್ತೆ. "ಖಲೀಲ್ ಸಾಬರಿಗೋಸ್ಕರ ಕಣಪ್ಪ. ಬೇರೆ ಯಾರಿಗಾಗಿ ಇವರು ಸಾಯ್ತಾರೆ."

ಖಲೀಲ್ ಸಾಬರು ಮಾವನ ಗಲ್ಲಿಯ ಸ್ಕೂಟರ್ ಮೆಕ್ಯಾನಿಕ್. ಮಾವನಿಗೂ ಅವರಿಗೂ ನಲವತ್ತು ವರ್ಷದ ಸ್ನೇಹ. ಮಾವ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದು ಸ್ಕೂಟರ್ ನಿಲ್ಲಿಸಿದರೆಂದರೆ ಸರ್ಕಲ್ಲಿನ ಹೋಟೆಲಿನವನು ಕೇಳದೆಯೇ ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿ ಬೈಟು ಮಾಡಿ ಇಡುತ್ತಿದ್ದ. ನಿವೃತ್ತಿಯಾದ ಮೇಲೂ ಅದು ತಪ್ಪಿರಲಿಲ್ಲ. ತಪ್ಪಿದ್ದು ಒಂದೂವರೆ ವರ್ಷದ ಹಿಂದೆ. ಮಾವನ ಸ್ಕೂಟರನ್ನು ಮೂರು ದಿನ ಬಿಚ್ಚಿ ಜೋಡಿಸಿದ ಸಾಬರು, ಎಣ್ಣೆ ಕೈ ಒರೆಸಿಕೊಂಡು, "ಹಾಲೇಶಣ್ಣ, ಇದು ಸತ್ತಿದೆ. ಬಿಟ್ಟುಬಿಡು" ಅಂದರು. ಮಾವ ಸ್ಕೂಟರನ್ನು ತಳ್ಳಿಕೊಂಡು ಹೊರಟು, ಸಾಬರ ಕಣ್ಣೆದುರಿಗೇ ಎದುರು ಸಾಲಿನ ಇನ್ನೊಬ್ಬ ಮೆಕ್ಯಾನಿಕ್ಕಿನ ಅಂಗಡಿಗೆ ಹತ್ತಿಸಿದರು. ಅಲ್ಲಿಗೆ ಮಾತು ನಿಂತಿತು. ಒಬ್ಬರಿಗೆ ಗಾಡಿಯ ಅವಮಾನ, ಇನ್ನೊಬ್ಬರಿಗೆ ಕೈಯ ಅವಮಾನ. ಈಗ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಹೋಟೆಲಿಗೆ ಹೋಗಿ ಒಂದೊಂದು ಫುಲ್ ಚಹಾ ಹೇಳುತ್ತಾರಂತೆ. ಇಬ್ಬರೂ ಅರ್ಧ ಕುಡಿದು ಅರ್ಧ ಬಿಟ್ಟು ಏಳುತ್ತಾರಂತೆ. ಅಭ್ಯಾಸವಾದ ಹೊಟ್ಟೆಗೆ ಅಷ್ಟೇ ಹಿಡಿಯುವುದು.

"ನಾನು ಸತ್ತ್ರೆ ಅವನು ಅಳ್ತಾನೋ ಇಲ್ವೋ, ನಂಗೆ ಗೊತ್ತಾಗ್ಬೇಕು" ಅಂದರು ಮಾವ.

"ಸತ್ತ ಮೇಲೆ ನಿಮಗೆ ಹೇಗೆ ಗೊತ್ತಾಗತ್ತೆ ಮಾವ?"

"ಅದಕ್ಕೇ ಮುಂಚೆ ಬರಿ ಅಂತಿರೋದು. ಹೋಟೆಲಿನವನ ಕೈಲಿ ಕೊಟ್ಟು, ಖಲೀಲ್‌ಗೆ ಓದಿ ತೋರಿಸು ಅಂತೀನಿ. ಯಾರೋ ಸುಮ್ನೆ ಬರೆದಿದ್ದು ಅಂತ ಹೇಳ್ಲಿ. ಮುಖ ಹೇಗಿತ್ತು ಅಂತ ನೋಡಿ ಹೇಳ್ತಾನೆ."

"ಹೋಗಿ ಮಾತಾಡ್ಸಿದ್ರೆ ಮುಗಿಯತ್ತೆ" ಅಂದರು ಅತ್ತೆ. ಮಾವ ಆ ಮಾತನ್ನು ನೊಣದಂತೆ ಓಡಿಸಿದರು. ನಮ್ಮ ವಂಶದ ಗಂಡಸರ ರೋಗ ನನ್ನ ಅಮ್ಮನ ಕಡೆಯಿಂದಲೂ ಬಂದಿದೆ ಎಂದು ನನಗೆ ಅಂದು ತಿಳಿಯಿತು.

ಓದುಗರೇ, ಸತ್ತವರ ಬಗ್ಗೆ ಬರೆಯುವುದು ಸುಲಭ. ಅವರು ಎದುರು ಕೂತು ತಿದ್ದುವುದಿಲ್ಲ. ನಾನು, 'ಬತ್ತಿತೇ ಭದ್ರೆಯ ನೀರು' ಎಂದು ಶುರು ಮಾಡಿದೆ. "ಡ್ಯಾಮಿನಲ್ಲಿ ನೀರು ತುಂಬಿದೆ. ಪೇಪರಿನಲ್ಲೇ ಬಂದಿದೆ. ಖಲೀಲ್ ದಿನಾ ಪೇಪರ್ ಓದ್ತಾನೆ" ಅಂದರು. 'ಕತ್ತಲಾಯಿತು ಓಲ್ಡ್ ಟೌನು' ಎಂದೆ. "ಕರೆಂಟ್ ಹೋಗಿದೆ ಅಂದ್ಕೋತಾರೆ." 'ಕೊಡುಗೈ ದಾನಿ' ಎಂದೆ. ಇದಕ್ಕೆ ಅತ್ತೆ ಅವರೆಕಾಯಿಯಿಂದ ತಲೆ ಎತ್ತಿ ನೋಡಿದರು, ನಾನೇ ಹೊಡೆದುಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಪದ್ಯ ಮುಗಿಯಿತು. ಪರೀಕ್ಷೆಗೆಂದು ಅತ್ತೆಯ ಮುಂದೆ ಗದ್ಗದಿತನಾಗಿ ಓದಿದೆ. ಅತ್ತೆ ಪೂರ್ತಿ ಕೇಳಿ, "ಪ್ರಾಸ ಚೆನ್ನಾಗಿ ಕೂತಿದೆ" ಅಂದರು. ಅಡುಗೆಮನೆಯಿಂದ ಸುಮಾ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಒಂದು ಕ್ಷಣ ನನ್ನ ಜನ್ಮ ಸಾರ್ಥಕವಾಯಿತು. ಅವಳ ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಇತ್ತು. ಮಾವ ಮುಖ ಸಣ್ಣದು ಮಾಡಿಕೊಂಡು, "ಸ್ವಂತ ಹೆಂಡ್ತಿನೇ ಅಳ್ಳಿಲ್ಲ, ಅವನು ಅಳ್ತಾನಾ" ಎಂದು ಸಂಜೆ ಬಸ್ಸಿಗೆ ಹೊರಟುಹೋದರು. ಹೋಗುವಾಗ ಅವರು ಚಪ್ಪಲಿ ಹಾಕಿಕೊಂಡ ರೀತಿ ನನಗೆ ಸರಿಬರಲಿಲ್ಲ. ತಮಾಷೆಗೆ ಬಂದವರ ಬೆನ್ನಾಗಿರಲಿಲ್ಲ ಅದು.

ಆಮೇಲೆ ಮೂರು ದಿನ ನನಗೆ ಅದೇ ಯೋಚನೆ. ಅಂಗಡಿಯಲ್ಲಿ ಗಿರಾಕಿಗಳ ಹೆಸರು ತಪ್ಪಾಗಿ ಕೆತ್ತಿದೆ. ಕೊನೆಗೆ ಬುಧವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹೊಳೆಯಿತು. ಅಲ್ಲಿಯೇ ಬಿಲ್ಲಿನ ಹಿಂದೆ ಬರೆದೆ:

ಅರ್ಧ ಲೋಟದ ಚಹವು ಆರಿತು, ಅರ್ಧ ಬೆಂಚು ಬರಿದು;
ಎದ್ದು ಹೋದೆಯ ಹಾಲೇಶಣ್ಣ, ಮಾತು ಅರ್ಧಕೆ ಮುರಿದು?
ಸಕ್ಕರೆಯು ತಳದಲ್ಲೆ ಉಳಿಯಿತು, ಕಲಕುವವರು ಯಾರು?
ಸದ್ದು ಕೇಳದೆ ಗಲ್ಲಿ ಕೇಳಿದೆ, ಎಲ್ಲಿ ನಿನ್ನ ತೇರು?

ಬರೆದು ಮುಗಿಸಿದಾಗ ನನ್ನ ಚಹಾವೂ ಆರಿತ್ತು. ಇಂಥ ಪದ್ಯವನ್ನು ಚೀಟಿಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಮಾವನ ಫೋಟೋ ಜೊತೆ ಸೇರಿಸಿ ಫೋನಿನಲ್ಲೇ ಚಂದವಾಗಿ ಮಾಡಿಸಿ ಕಳಿಸಿದರೆ ಅವರಿಗೆ ಖುಷಿಯಾದೀತು ಅನ್ನಿಸಿತು. ಯಾವುದೋ ಮದುವೆಯ ಊಟದಲ್ಲಿ ಹೋಳಿಗೆ ಬಾಯಿಗಿಟ್ಟುಕೊಂಡಿದ್ದ ಮಾವನ ಫೋಟೋ ಸಿಕ್ಕಿತು. ಎಂಟೂವರೆಗೆ ಪದ್ಯ, ಫೋಟೋ ಎರಡನ್ನೂ ಸೆಲ್ವಂಗೆ ವಾಟ್ಸಾಪ್ ಮಾಡಿ, 'ಹೇಗೆ ಕಾಣುತ್ತೆ ನೋಡಿ. ಅವಸರವಿಲ್ಲ' ಎಂದು ಬರೆದೆ. ತಕ್ಷಣ ಕೈ ಮುಗಿದ ಚಿತ್ರ ಬಂತು. ಕವಿತೆಗೆ ಕೈ ಮುಗಿಯುತ್ತಿದ್ದಾರೆ ಎಂದುಕೊಂಡು ನಾನೂ ಒಂದು ಕೈ ಮುಗಿದೆ.

ಸೆಲ್ವಂ ಅವರ ಕಸುಬಿನ ಒಂದು ಕಟ್ಟುಪಾಡು ನನಗೆ ಮರೆತೇಹೋಗಿತ್ತು. ಅವರ ಅಂಗಡಿಯಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ಕಬಡ್ಡಿ ಎಲ್ಲವೂ ಸಾಲಿನಲ್ಲಿ ಕಾಯಬೇಕು. ಸಾವಿಗೆ ಮಾತ್ರ ಸಾಲಿಲ್ಲ. ಫೋಟೋ ಬಂದರೆ ಎರಡು ಗಂಟೆಯೊಳಗೆ ಫ್ಲೆಕ್ಸು ಸರ್ಕಲ್ಲಿನಲ್ಲಿರಬೇಕು. ಮನೆಯವರನ್ನು ಫೋನ್ ಮಾಡಿ ಏನೂ ಕೇಳಬಾರದು, ಅದು ಹೃದಯವಿಲ್ಲದ ಕೆಲಸ.

ಹನ್ನೊಂದೂವರೆಗೆ ನನ್ನ ಫೋನು ಬಡಿದುಕೊಂಡಿತು. ಮಾವ. "ಲೇ ಮಂಜಾ, ನಾನು ಹೋಗ್ಬಿಟ್ಟಿದೀನಿ ಕಣೋ."

"ಎಲ್ಲಿಗೆ ಮಾವ?"

"ಸರ್ಕಲ್ಲಿಗೆ. ತರಕಾರಿ ತರೋಣ ಅಂತ ಬಂದೆ, ನೋಡಿದ್ರೆ ಮೇಲೆ ನಾನೇ ಇದೀನಿ. ಎಂಟಡಿ ಇದೆ. ಫೋಟೋ ಚೆನ್ನಾಗಿದೆ, ಬಾಯಲ್ಲಿ ಏನೋ ಇದೆ ಅಷ್ಟೆ. ಪದ್ಯ ಪರವಾಗಿಲ್ಲ."

ಅಂಗಡಿಯ ಬಾಗಿಲು ಎಳೆದು ಬಸ್ಸು ಹತ್ತಿದೆ. ಭದ್ರಾವತಿ ತಲುಪುವಷ್ಟರಲ್ಲಿ ಏಳು ಫೋನು ಬಂದವು. ನಾನು ಪ್ರತಿಯೊಬ್ಬರಿಗೂ, "ಮಾವ ಚೆನ್ನಾಗಿದಾರೆ" ಅಂದೆ. ಅವರು, "ಹೌದಪ್ಪ, ಇನ್ನು ಅವರಿಗೆ ಯಾವ ನೋವೂ ಇಲ್ಲ" ಅಂದರು. ಮೊದಲು ಮಾವನ ಮನೆಗೆ ಓಡಿದೆ. ಪಡಸಾಲೆಯಲ್ಲಿ ಆಗಲೇ ಹತ್ತು ಹನ್ನೆರಡು ಜನ ತಲೆ ತಗ್ಗಿಸಿ ಕೂತಿದ್ದರು. ಗೌರತ್ತೆ ಎಲ್ಲರಿಗೂ ಚಹಾ ಕೊಡುತ್ತಾ, "ತರಕಾರಿ ತರೋಕೆ ಹೋಗಿದಾರೆ, ಇನ್ನೇನು ಬಂದ್ಬಿಡ್ತಾರೆ, ಕೂತ್ಕೊಳಿ" ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಸೆರಗಿನಲ್ಲಿ ಮೂಗೊರೆಸಿಕೊಂಡು ನನ್ನ ಕಿವಿಯಲ್ಲಿ, "ಬೆಳಿಗ್ಗೆಯಿಂದ ಹೀಗೇ ಅಂತಿದಾರೆ. ಒಬ್ಬರನ್ನೇ ಬಿಡಬೇಡಿ" ಅಂದರು.

ಸರ್ಕಲ್ಲಿಗೆ ಬಂದರೆ ಫ್ಲೆಕ್ಸಿನ ಕೆಳಗೆ ಸೆಲ್ವಂ ಏಣಿ ಹಿಡಿದು ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. "ಅವಸರ ಇಲ್ಲ ಅಂತ ಬರೆದಿದ್ನಲ್ಲ ಸೆಲ್ವಂ" ಅಂದೆ. "ದುಃಖದಲ್ಲಿರೋರು ಎಲ್ಲರೂ ಹಾಗೇ ಬರೀತಾರೆ ಸಾರ್. ಇಷ್ಟು ವರ್ಷದಲ್ಲಿ ನಾವು ಫ್ಲೆಕ್ಸ್ ಹಾಕಿದ ಪಾರ್ಟಿ ಒಬ್ಬರೂ ಎದ್ದು ಬಂದಿಲ್ಲ. ಬಿಚ್ಚೋಣ ಅಂದ್ರೆ ಅವರೇ ಬಿಡ್ತಾ ಇಲ್ಲ" ಎಂದು ಎದುರಿಗೆ ಕೈ ತೋರಿಸಿದರು. ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ, ತಮ್ಮ ಸತ್ತ ಸ್ಕೂಟರಿಗೆ ತರಕಾರಿ ಚೀಲ ನೇತುಹಾಕಿಕೊಂಡು ಮಾವ ಅವಿತು ನಿಂತಿದ್ದರು. ತಳ್ಳಿಕೊಂಡು ಓಡಾಡುವುದಕ್ಕಾದರೂ ಅವರಿಗೆ ಅದು ಬೇಕು.

"ಮಾವ, ಊರೆಲ್ಲ ಅಳ್ತಿದೆ. ಇಳಿಸೋಣ."

"ಊರು ಅಳ್ಳಿ ಬಿಡು. ಅವನು ಬಂದು ಓದೋ ತನಕ ನಾನು ಸತ್ತೇ ಇರ್ತೀನಿ."

"ಬರದೇ ಹೋದರೆ?"

ಮಾವ ಚೀಲದಲ್ಲಿದ್ದ ಬದನೆಕಾಯಿಯನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟರು. ನಮ್ಮಪ್ಪ ಚಕ್ರ ಒದೆಯುತ್ತಿದ್ದದ್ದು ನೆನಪಾಯಿತು. ಬಿಸಿಲು ಏರಿತು. ಫ್ಲೆಕ್ಸಿನ ಮೇಲಿನ ಮಾವ ಹೋಳಿಗೆ ಅಗಿಯುತ್ತಲೇ ಇದ್ದರು, ಕೆಳಗಿನ ಮಾವ ಎರಡು ಲೋಟ ಕಬ್ಬಿನ ಹಾಲು ಕುಡಿದರು. ಹೀಗೇ ಒಂದು ಗಂಟೆ ಕಳೆಯಿತು. ಆ ಒಂದು ಗಂಟೆಯಲ್ಲಿ ಹೋಟೆಲಿನವನು ಬಂದು ಓದಿದ, ಎದುರು ಸಾಲಿನ ಮೆಕ್ಯಾನಿಕ್ಕು ಬಂದು ಓದಿದ. ಬರಬೇಕಾದವರು ಬರಲಿಲ್ಲ. "ಊಟಕ್ಕೆ ಹೋಗೋಣ ನಡಿಯೋ" ಎಂದು ಮಾವ ಬಹಳ ಸಣ್ಣ ದನಿಯಲ್ಲಿ ಅಂದರು.

ಆಗ ಬಂದರು ಖಲೀಲ್ ಸಾಬರು. ಎಣ್ಣೆ ಬಟ್ಟೆ ಬಿಟ್ಟು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ್ದರು. ಕೈಯಲ್ಲಿ ಸುಗಂಧರಾಜದ ಹಾರ. ತಡವಾದದ್ದು ಸ್ನಾನಕ್ಕೆ ಮತ್ತು ಹಾರಕ್ಕೆ. ಫ್ಲೆಕ್ಸಿನ ಮುಂದೆ ನಿಂತು ಜೇಬಿನಿಂದ ಕನ್ನಡಕ ತೆಗೆದರು. ಮೊದಲ ಸಾಲು ಓದಿದರು, ತುಟಿ ಅಲುಗುವುದು ಕಾಣುತ್ತಿತ್ತು. ಎರಡನೆಯ ಸಾಲಿಗೆ ಕನ್ನಡಕ ತೆಗೆದರು. ಜುಬ್ಬಾದ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ಅಲ್ಲೇ ಹೋಟೆಲಿನ ಮೆಟ್ಟಿಲ ಮೇಲೆ ಹಾರವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು, ಹೆಗಲು ಕುಣಿಯುತ್ತಿತ್ತು.

ನನ್ನ ಕಾವ್ಯಜೀವನದಲ್ಲಿ ಈರುಳ್ಳಿಯ ಸಹಾಯವಿಲ್ಲದೆ ಅತ್ತ ಮೊದಲ ಓದುಗರು ಅವರು. ಪಕ್ಕಕ್ಕೆ ತಿರುಗಿದರೆ ಎರಡನೆಯವರು. "ಅಳ್ತಿದಾನೆ ನೋಡೋ" ಎಂದು ಮಾವ ಅಳುತ್ತಿದ್ದರು. "ಒಬ್ನೇ ಕೂತು ಅಳ್ತಿದಾನೆ. ಯಾರಾದ್ರೂ ಹೋಗಿ ಸಮಾಧಾನ ಮಾಡ್ರೋ." ಯಾರೂ ಹೋಗದ್ದನ್ನು ನೋಡಿ, ಸ್ಕೂಟರ್ ತಳ್ಳಿಕೊಂಡು ತಾವೇ ಹೊರಟರು.

ಸಾಬರು ತಲೆ ಎತ್ತಿದರು. ಮೇಲಿನ ಮಾವನನ್ನು ನೋಡಿದರು, ಕೆಳಗಿನ ಮಾವನನ್ನು ನೋಡಿದರು. 

"ನೀನು ಸತ್ತಿಲ್ಲ" ಅಂದರು ಸಾಬರು.

"ಇಲ್ಲ."

"ಗಾಡಿ?"

"ಅದೂ ಸತ್ತಿಲ್ಲ."

ಸಾಬರು ಎದ್ದು ಹಾರವನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ಹಾಕಿದರು. "ಇದು ಸತ್ತಿದೆ. ನಾನು ಅವತ್ತೇ ಹೇಳಿದೀನಿ" ಎಂದು ತಿರುಗಿ ನಾಲ್ಕು ಹೆಜ್ಜೆ ನಡೆದರು. ಐದನೆಯ ಹೆಜ್ಜೆಗೆ ನಿಂತರು. "ಅವನು ಕಾರ್ಬುರೇಟರ್ ಮುಟ್ಟಿದಾನಾ?"

"ಮುಟ್ಟಿದಾನೆ" ಅಂದರು ಮಾವ, ಕಳ್ಳನ ಹಾಗೆ.

"ಗಧಾ. ಅದಕ್ಕೇ ಈ ಗತಿ. ತಗೊಂಡು ಬಾ ಶೆಡ್ಡಿಗೆ."

ಹೋಟೆಲಿನವನು ಒಳಗಿನಿಂದ, "ಫುಲ್ಲಾ, ಬೈಟುನಾ?" ಎಂದು ಕೂಗಿದ. ಸಾಬರು ತಿರುಗಿಯೂ ನೋಡದೆ, "ಸತ್ತೋನಿಗೆ ಯಾಕಪ್ಪ ಫುಲ್ಲು. ಬೈಟು ಕೊಡು" ಅಂದರು.

ನಾನು ಸ್ವಲ್ಪ ಹತ್ತಿರವೇ ನಿಂತೆ, ಯಾರಾದರೂ ಕವಿಯನ್ನು ಕೇಳಿಯಾರು ಎಂದು. ಸಾಬರು ಕೇಳಿದರು. "ನೀನೇನಾ ಬರೆದಿದ್ದು? ಮೂರನೇ ಸಾಲು ಸುಳ್ಳು. ನಂಗೆ ಶುಗರ್ ಬಂದು ಮೂರು ವರ್ಷ ಆಯ್ತು. ಇವನೂ ನನ್ನ ಜೊತೆ ಸಕ್ಕರೆ ಬಿಟ್ಟ. ತಳದಲ್ಲಿ ಏನೂ ಉಳಿಯೋದಿಲ್ಲ ನಮ್ದು." ನಾನು ಕೈ ಮುಗಿದು, ಮನೆಯಲ್ಲಿ ಕೂತಿದ್ದ ಹನ್ನೆರಡು ಜನಕ್ಕೆ ಸುದ್ದಿ ಮುಟ್ಟಿಸಲು ಹೊರಟೆ. ಅವರಲ್ಲಿ ಇಬ್ಬರಿಗೆ ಬೇಸರವಾಯಿತು, ರಜೆ ಹಾಕಿ ಬಂದಿದ್ದರಂತೆ. ಅತ್ತೆ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು.

ಎರಡು ತಿಂಗಳ ಮೇಲೆ, ಒಂದು ಮಳೆಯ ಮಧ್ಯಾಹ್ನ, ಅತ್ತೆ ಕೇಳಿದ್ದ ಇಡ್ಲಿ ಪಾತ್ರೆ ಕೊಡಲು ಭದ್ರಾವತಿಗೆ ಹೋಗಿದ್ದೆ. ಮಾವ ಶೆಡ್ಡಿನಲ್ಲಿದ್ದಾರೆ ಅಂದರು. ಖಲೀಲ್ ಸಾಬರ ಶೆಡ್ಡಿನ ಮುಂದೆ ನಾಲ್ಕು ಬಿದಿರಿನ ಗಳ ನೆಟ್ಟು ಆ ಫ್ಲೆಕ್ಸನ್ನೇ ಮಳೆಗೆ ಸೂರಾಗಿ ಕಟ್ಟಿದ್ದರು, ಪದ್ಯ ಕೆಳಮುಖವಾಗಿ. ಕೆಳಗೆ ಬೆಂಚಿನ ಮೇಲೆ ಇಬ್ಬರೂ ಅರ್ಧರ್ಧ ಲೋಟ ಹಿಡಿದು ಕೂತಿದ್ದರು. ಬಿಚ್ಚಿದ ಸ್ಕೂಟರು ಗೋಣಿಚೀಲದ ಮೇಲೆ ಹರಡಿತ್ತು. ಬೇಗ ಜೋಡಿಸುವ ಇರಾದೆ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ. ನಾನು ಮೇಲೆ ನೋಡಿ ಸಣ್ಣಗೆ ಒಮ್ಮೆ ಓದಿಕೊಂಡೆ. ಮಾವ ಲೋಟವನ್ನು ಪಕ್ಕಕ್ಕೆ ಸರಿಸುತ್ತಾ, "ಬಂದ್ಯಾ, ಒಳ್ಳೇದಾಯ್ತು" ಅಂದರು. "ಆ 'ಕಲಕುವವರು ಯಾರು' ಅನ್ನೋ ಹತ್ರ ಸೋರ್ತಿದೆ, ನೇರ ಚಹಾಕ್ಕೇ ಬೀಳ್ತಿದೆ. ಸ್ವಲ್ಪ ಟೇಪ್ ಹಚ್ಚು."

ನಾನು ಪಾತ್ರೆಯನ್ನು ಕೆಳಗಿಟ್ಟು, ಸ್ಟೂಲು ಹತ್ತಿ, ನನ್ನ ಮೂರನೆಯ ಸಾಲಿನ ಮೇಲೆ ಟೇಪ್ ಹಚ್ಚಿದೆ.